ಒಗರಿನ ಬೆಲೆ: ದ್ರಾಕ್ಷಿ ಬೀಜದ ಸತ್ವದಿಂದ ಗೇರುಬೀಜದ ಸಿಪ್ಪೆಯವರೆಗೆ

ಕಾರ್ಕಳ ಬಳಿಯ ಅಜೆಕಾರಿನ ಸುತ್ತಲಿನ ಮಳೆ ದ್ರಾಕ್ಷಿಗೆ ಒಗ್ಗುವಂಥದ್ದಲ್ಲ. ಆದರೂ ದ್ರಾಕ್ಷಿ ಬೀಜದ ಸತ್ವದ ಚರಿತ್ರೆ ಈ ಊರಿಗೆ ಹೊರಗಿನದೇನೂ ಅಲ್ಲ. ಆ ಬೀಜಕ್ಕೆ ಔಷಧಿ ಅಂಗಡಿಯಲ್ಲಿ ಬೆಲೆ ತಂದ ಪ್ರೊಆಂಥೊಸಯನಿಡಿನ್ ಎಂಬ ಒಗರು ದ್ರವ್ಯಗಳು ಅಡಿಕೆಯಲ್ಲಿವೆ, ಗೇರುಬೀಜದ ತಿರುಳಿಗೆ ಅಂಟಿದ ಕಂದುಗೆಂಪು ಸಿಪ್ಪೆಯಲ್ಲೂ ಇವೆ. ಕಾರ್ಕಳ ತಾಲ್ಲೂಕಿನ ಗೇರುಬೀಜ ಕಾರ್ಖಾನೆಗಳಲ್ಲಿ ಒಣಗಿಸಿದ ತಿರುಳನ್ನು ಹೆಂಗಸರು ಸುಲಿಯುವಾಗ ಉದುರಿ ರಾಶಿಯಾಗುವುದು ಈ ಸಿಪ್ಪೆಯೇ. ಚೂರು ಅಗಿದರೆ ಬಾಯಿ ಒಣಗಿ ನಾಲಗೆ ಬಿಗಿಯುತ್ತದೆ. ಒಗರು ದ್ರವ್ಯ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದೇ ಅದಕ್ಕೆ ಕಾರಣ. ಇಂಥ ದ್ರವ್ಯದಿಂದ ಆರೋಗ್ಯಕ್ಕೆ ಎಷ್ಟು ಲಾಭ ಎಂಬ ಪ್ರಶ್ನೆಗೆ ದ್ರಾಕ್ಷಿ ಬೀಜದ ಚರಿತ್ರೆಯಲ್ಲಿ ಉತ್ತರವಿದೆ: ಪ್ರಯೋಗನಾಳದಲ್ಲಿ ಕಂಡ ಶಕ್ತಿಯೇ ಮಾರಾಟದ ಮಾತಾಯಿತು, ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಕಂಡದ್ದು ಅದಕ್ಕಿಂತ ಬಹಳ ಕಡಿಮೆ.

ಚರಿತ್ರೆ ಶುರುವಾಗುವುದು ದ್ರಾಕ್ಷಿಯಿಂದಲ್ಲ, ನೆಲಗಡಲೆಯ ಕೆಂಪು ಸಿಪ್ಪೆಯಿಂದ. ಫ್ರಾನ್ಸಿನ ಬೋರ್ಡೊದಲ್ಲಿ ಜಾಕ್ ಮಾಸ್ಕೆಲಿಯೆ ಅದರ ಮೇಲೆ 1948ರಲ್ಲಿ ಡಾಕ್ಟರೇಟ್ ಪ್ರಬಂಧ ಬರೆದರು. ಬಳಿಕ ಪೈನ್ ಮರದ ತೊಗಟೆ, ಆಮೇಲೆ ದ್ರಾಕ್ಷಿ ಬೀಜ. ಆಗಿನ ಗುರಿ ಚಿಕ್ಕದು: ಸೂಕ್ಷ್ಮ ರಕ್ತನಾಳಗಳ ದೌರ್ಬಲ್ಯ. 1987ರ ಅವರ ಅಮೆರಿಕನ್ ಪೇಟೆಂಟಿನ ಹೊತ್ತಿಗೆ ಮಾತು ಜೀವಕೋಶಗಳಿಗೆ ಹಾನಿ ಮಾಡುವ ಫ್ರೀ ರ‍್ಯಾಡಿಕಲ್‌ಗಳ ಕಡೆಗೆ ಹೊರಳಿತ್ತು. 1991ರ ನವೆಂಬರಿನಲ್ಲಿ ಅಮೆರಿಕದ ಟಿವಿ ಫ್ರೆಂಚರ ಹೃದಯಾರೋಗ್ಯವನ್ನು ಕೆಂಪು ವೈನಿಗೆ ಜೋಡಿಸಿ ತೋರಿಸಿದ ಮೇಲೆ ದ್ರಾಕ್ಷಿಯ ಒಗರಿಗೂ ಜನಪ್ರಿಯತೆ ಬಂತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೇ ಹಾದಿಯಲ್ಲಿ ಮುಖ್ಯ ಕೆಲಸ ಮಾಡಿತು. ಜಿ.ಕೆ. ಜಯಪ್ರಕಾಶ, ಆರ್.ಪಿ. ಸಿಂಗ್, ಕೆ.ಕೆ. ಸಕರಿಯಾ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 100 ಪಿಪಿಎಂ ಪ್ರಮಾಣದ ದ್ರಾಕ್ಷಿ ಬೀಜದ ಸತ್ವ ಶೇ. 65ರಿಂದ 90ರಷ್ಟು ಉತ್ಕರ್ಷಣ ನಿರೋಧಕ ಗುಣ ತೋರಿತು. 2007ರಲ್ಲಿ ಅದೇ ಸಂಸ್ಥೆಯ ಕಾಮತ್ ಮತ್ತು ರಾಜಿನಿ ಗೇರುಬೀಜದ ಸಿಪ್ಪೆಯ ಸತ್ವದಲ್ಲೂ ಫ್ರೀ ರ‍್ಯಾಡಿಕಲ್ ತಡೆಯುವ ಗುಣವನ್ನು ದಾಖಲಿಸಿದರು. ಎರಡೂ ಒಳ್ಳೆಯ ವಿಜ್ಞಾನ. ಆದರೆ 2001ರ ಆ ಅಂಕಿಗಳು ಕೊಬ್ಬಿನಾಮ್ಲ ಕೆಡುವುದನ್ನು ತಡೆದ ಲೆಕ್ಕ, ರೋಗಿ ಗುಣವಾದ ಲೆಕ್ಕ ಅಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ ಅಂಕಿ ಕುಗ್ಗುತ್ತದೆ. 390 ಜನರನ್ನು ಒಳಗೊಂಡ ಒಂಬತ್ತು ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯಲ್ಲಿ ಮೇಲಿನ ರಕ್ತದೊತ್ತಡ ಇಳಿದದ್ದು ಸುಮಾರು 1.5 ಮಿ.ಮೀ.; ಕೊಲೆಸ್ಟರಾಲಿನಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಹದಿನಾರು ಪರೀಕ್ಷೆಗಳ 2016ರ ವಿಶ್ಲೇಷಣೆಯಲ್ಲಿ ಇಳಿಕೆ ಸುಮಾರು 6 ಮಿ.ಮೀ. ಇದೇನು ಸಣ್ಣದೇ ಎಂದು ಕೇಳಬಹುದು. ಸಣ್ಣದಲ್ಲ, ಆಕ್ಷೇಪದಲ್ಲಿ ಹುರುಳಿದೆ. ಆದರೆ ಎರಡು ವಿಶ್ಲೇಷಣೆಗಳ ನಡುವೆ ನಾಲ್ಕು ಪಟ್ಟು ಅಂತರವಿರುವಾಗ ರಕ್ತದೊತ್ತಡದ ಮಾತ್ರೆ ಬಿಟ್ಟು ಇದನ್ನು ನಂಬುವುದು ತರವಲ್ಲ. ವಿಕಿರಣ ಚಿಕಿತ್ಸೆಯ ನಂತರ ಸ್ತನ ಗಟ್ಟಿಯಾದ 66 ಮಹಿಳೆಯರಲ್ಲಿ ಕೆಲವರಿಗೆ ದಿನಕ್ಕೆ 300 ಮಿಲಿಗ್ರಾಂನಂತೆ ಆರು ತಿಂಗಳು ಈ ಸತ್ವ, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ಹೋಲಿಸಿದ ಬ್ರಿಟನ್ನಿನ 2006ರ ಪರೀಕ್ಷೆಯಲ್ಲಿ ಲಾಭವೇ ಕಾಣಲಿಲ್ಲ. ಇದಕ್ಕೆ ಒಂದು ಕಾರಣ ಊಹಿಸಬಹುದು: ದೊಡ್ಡ ಒಗರು ಅಣುಗಳು ಕರುಳಿನಿಂದ ರಕ್ತಕ್ಕೆ ಸೇರುವುದೇ ಕಡಿಮೆ; ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅವನ್ನು ಒಡೆದು ಬೇರೆಯೇ ಆಮ್ಲಗಳನ್ನಾಗಿ ಮಾಡುತ್ತವೆ.

ಸಸ್ಯದ್ದು ತಾನೆ, ತಿಂದರೆ ನಷ್ಟವೇನು ಎಂಬುದು ಇನ್ನೊಂದು ವಾದ. ಕರಾವಳಿಯವರಿಗೆ ಇದಕ್ಕೆ ಉತ್ತರ ಅಡಿಕೆ ತೋಟದಲ್ಲೇ ಇದೆ. ಒಗರು ದ್ರವ್ಯದಲ್ಲಿ ಅಡಿಕೆ ಶ್ರೀಮಂತ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯಲ್ಲಿ ಅರೆಕೋಲಿನ್‌ನಂಥ ಆಲ್ಕಲಾಯ್ಡ್‌ಗಳೂ ಇವೆ. ಹೀಗಾಗಿ ಒಂದು ದ್ರವ್ಯದ ಹೆಸರು ಹಿಡಿದು ಇಡೀ ವಸ್ತುವಿಗೆ ಆರೋಗ್ಯದ ಮುದ್ರೆ ಒತ್ತಲಾಗದು. ದ್ರಾಕ್ಷಿ ಬೀಜದ ಸತ್ವ ಸಾಮಾನ್ಯವಾಗಿ ಸಹ್ಯವೇ. ಆದರೂ ಒಗರು ದ್ರವ್ಯ ಆಹಾರದ ಕಬ್ಬಿಣ ದೇಹಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಗೇರುಬೀಜದ ಸಿಪ್ಪೆಗೂ ನಾಳೆ ಕ್ಯಾಪ್ಸೂಲಿನ ಬೆಲೆ ಬರಬಹುದು. ಅದು ಕಾರ್ಕಳದ ಕೂಲಿಕಾರರಿಗೆ ಲಾಭ ತರುವುದಾದರೆ ಸಂತೋಷವೇ. ಆದರೆ ಅದನ್ನು ಔಷಧಿಯೆಂದು ಮಾರುವ ಮೊದಲು ಮನುಷ್ಯರ ಮೇಲೆ ಸರಿಯಾದ ಪರೀಕ್ಷೆ ನಡೆಯಲಿ, ಫಲಿತಾಂಶ ಏನೇ ಬಂದರೂ ಪ್ರಕಟವಾಗಲಿ.