ಕಂಟ್ರೋಲರ್ ಟ್ಯೂನಿಂಗ್

ಕಾರ್ಖಾನೆಯಲ್ಲಿ ತಾಪ, ಒತ್ತಡ, ಹರಿವು, ಮಟ್ಟಗಳನ್ನು ಬೇಕಾದ ಅಳತೆಯಲ್ಲಿ ಹಿಡಿದಿಡುವ ಪಿಐಡಿ (ಪ್ರಪೋರ್ಷನಲ್, ಇಂಟಿಗ್ರಲ್, ಡೆರಿವೇಟಿವ್) ಕಂಟ್ರೋಲರನ್ನು ಆಯಾ ಪ್ರಕ್ರಿಯೆಯ ಸ್ವಭಾವಕ್ಕೆ ತಕ್ಕಂತೆ ಕೈಯಿಂದ ಹದಗೊಳಿಸುವ ಕೆಲಸ.

ಅಳತೆ ತಪ್ಪಿದಷ್ಟೇ ವಾಲ್ವನ್ನು ಕದಲಿಸುವ ಪ್ರಪೋರ್ಷನಲ್ ಕಂಟ್ರೋಲರಿಗೆ ಒಂದು ಕೊರತೆಯಿತ್ತು. ಲೋಡ್ ಬದಲಾದರೆ ಅಳತೆ ಬರೆಯುವ ಚಾರ್ಟಿನ ಪೆನ್ನು ಬೇಕಾದ ಅಳತೆಗೆ, ಅಂದರೆ ಸೆಟ್‌ಪಾಯಿಂಟಿಗೆ, ಮರಳದೆ ತುಸು ಆಚೀಚೆ ನಿಂತುಬಿಡುತ್ತಿತ್ತು. ಆಪರೇಟರ್ ಬಂದು ಅದನ್ನು ಕೈಯಾರೆ ಸರಿಪಡಿಸಬೇಕಿತ್ತು. ಅದಕ್ಕೆ ‘ರೀಸೆಟ್’ ಎಂದು ಹೆಸರು. 1931ರಲ್ಲಿ ಫಾಕ್ಸ್‌ಬರೊ ಕಂಪನಿಯ ಸ್ಟೆಬಿಲಾಗ್ ಈ ಕೆಲಸವನ್ನು ತಾನೇ ಮಾಡತೊಡಗಿತು. ಪುಸ್ತಕಗಳು ಇಂಟಿಗ್ರಲ್ ಎನ್ನುವುದು ಇದನ್ನೇ. ಆದರೂ ಆಪರೇಟರನ ಹಳೆಯ ಮಾತು ಇನ್ನೂ ಸವೆದಿಲ್ಲ. ಹಡಗಿನ ಚುಕ್ಕಾಣಿಗಾಗಿ ನಿಕೊಲಸ್ ಮಿನೋರ್ಸ್ಕಿ 1922ರಲ್ಲೇ ಮೂರೂ ಕ್ರಿಯೆಗಳ ಗಣಿತ ಬರೆದಿದ್ದರೂ ಅದು ಕಾರ್ಖಾನೆಗಳವರನ್ನು ಹೆಚ್ಚಾಗಿ ಮುಟ್ಟಲಿಲ್ಲ.

ಅಮೆರಿಕದ ರಾಚೆಸ್ಟರಿನ ಟೇಲರ್ ಇನ್‌ಸ್ಟ್ರುಮೆಂಟ್ ಕಂಪನಿ ‘ಪ್ರಿ-ಆಕ್ಟ್’ ಹೆಸರಿನಲ್ಲಿ ಅಳತೆ ಬದಲಾಗುವ ವೇಗಕ್ಕೆ ತಕ್ಕಂತೆ ವಾಲ್ವನ್ನು ಕದಲಿಸುವ ಡೆರಿವೇಟಿವ್ ಕ್ರಿಯೆಯನ್ನೂ ಸೇರಿಸಿದಾಗ ನಾಬುಗಳು ಮೂರಾದವು, ತಲೆನೋವೂ ಹೆಚ್ಚಿತು. ಯಾವುದನ್ನು ಎಷ್ಟು ತಿರುಗಿಸಬೇಕು? ಉತ್ತರ ಕೊಟ್ಟವರು ಅಲ್ಲಿಯವರೇ ಆದ ಜಾನ್ ಝೀಗ್ಲರ್ ಮತ್ತು ನಥಾನಿಯಲ್ ನಿಕೊಲ್ಸ್, 1942ರ ಪ್ರಬಂಧದಲ್ಲಿ. ರೀಸೆಟ್, ಡೆರಿವೇಟಿವ್ ಎರಡನ್ನೂ ತೆಗೆದುಹಾಕಿ, ಪ್ರಪೋರ್ಷನಲ್ ಗೇನನ್ನು, ಅಂದರೆ ತಪ್ಪಿದ ಅಳತೆಗೆ ವಾಲ್ವ್ ಕದಲುವ ಪ್ರಮಾಣವನ್ನು, ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗಬೇಕು. ಹಿಗ್ಗದೆ ಕುಗ್ಗದೆ ಒಂದೇ ಸಮನೆ ಓಲಾಡುವ ಘಟ್ಟ ಬಂದಾಗ ಗೇನನ್ನೂ ಓಲಾಟದ ಅವಧಿಯನ್ನೂ ಗುರುತಿಸಿಕೊಳ್ಳಬೇಕು. ಗೇನ್ 4, ಅವಧಿ 2 ನಿಮಿಷ ಎನ್ನಿ: ಗೇನನ್ನು 0.6 ಪಟ್ಟಿಗೆ, ಅಂದರೆ 2.4ಕ್ಕೆ ಇಳಿಸಿ, ಇಂಟಿಗ್ರಲ್ ಸಮಯವನ್ನು ಅವಧಿಯ ಅರ್ಧಕ್ಕೆ, 1 ನಿಮಿಷಕ್ಕೆ, ಡೆರಿವೇಟಿವನ್ನು ಎಂಟನೇ ಒಂದಕ್ಕೆ, 15 ಸೆಕೆಂಡಿಗೆ ಇಟ್ಟರಾಯಿತು. ಪ್ರತಿ ಅಲೆಯೂ ಹಿಂದಿನದರ ಕಾಲು ಭಾಗಕ್ಕೆ ಇಳಿಯಬೇಕೆಂಬುದು ಅವರ ಗುರಿ. ಇಂದಿನ ಕಣ್ಣಿಗೆ ಇದು ತೀರಾ ಒರಟು.

ನಡೆಯುವ ಪ್ಲಾಂಟನ್ನು ಬೇಕೆಂದೇ ಓಲಾಡಿಸಲು ಯಾವ ಮ್ಯಾನೇಜರ್ ಒಪ್ಪುತ್ತಾನೆ? ಅದೇ ಪ್ರಬಂಧದಲ್ಲಿ ವಾಲ್ವನ್ನು ಒಮ್ಮೆ ಮಾತ್ರ ಕದಲಿಸಿ, ಪೆನ್ನು ಬಿಡಿಸುವ ಗೆರೆಯಿಂದ ಲೆಕ್ಕ ಹಾಕುವ ಇನ್ನೊಂದು ದಾರಿಯೂ ಇತ್ತು. 1953ರಲ್ಲಿ ಕೊಹೆನ್ ಮತ್ತು ಕೂನ್ ಅದನ್ನು ಮುಂದುವರಿಸಿದರು. 1984ರಲ್ಲಿ ಸ್ವೀಡನ್ನಿನ ಕಾರ್ಲ್ ಆಸ್ಟ್ರೋಮ್, ಟೋರೆ ಹೆಗ್‌ಲುಂಡ್ ರಿಲೇ ಬಳಸಿ ಓಲಾಟವನ್ನು ಮಿತಿಯಲ್ಲಿಟ್ಟು, ಟ್ಯೂನಿಂಗನ್ನು ಕಂಟ್ರೋಲರಿಗೇ ಒಪ್ಪಿಸುವ ದಾರಿ ತೋರಿಸಿದರು.

ಆದರೂ ಕೈಕೆಲಸ ನಿಂತಿಲ್ಲ. ಅಳತೆ ಓಲಾಡುತ್ತಿದ್ದರೆ ಪಳಗಿದವರು ಮೊದಲು ನಾಬಿಗೆ ಕೈಹಾಕುವುದಿಲ್ಲ, ಲೂಪನ್ನು ಮ್ಯಾನ್ಯುಯಲ್‌ಗೆ ಹಾಕಿ, ಅಂದರೆ ಕಂಟ್ರೋಲರ್ ವಾಲ್ವನ್ನು ಕದಲಿಸದಂತೆ ಮಾಡಿ, ಚಾರ್ಟ್ ನೋಡುತ್ತಾರೆ. ಓಲಾಟ ಹಾಗೇ ಮುಂದುವರಿದರೆ ಅದು ಬೇರೆಲ್ಲಿಂದಲೋ ಬರುತ್ತಿದೆ. ನಿಂತರೆ ತಪ್ಪು ಟ್ಯೂನಿಂಗಿನದಿರಬಹುದು, ಇಲ್ಲವೇ ವಾಲ್ವ್ ಅಂಟಿಕೊಂಡು, ಒತ್ತಿದಾಗ ಸುಮ್ಮನಿದ್ದು ಆಮೇಲೆ ತಟ್ಟನೆ ಜಿಗಿಯುತ್ತಿರಬಹುದು. ಅಂಥ ವಾಲ್ವಿಗೆ ಝೀಗ್ಲರನ ಅಂಕಿಗಳು ಮದ್ದಲ್ಲ. ಅದನ್ನು ಬಿಚ್ಚಿ ಪ್ಯಾಕಿಂಗ್ ನೋಡಬೇಕು.