ತೆರೆದ ಪಟ್ಟಿಯ ಮತಪದ್ಧತಿಯೂ ರಾಮನಗರ ಸೀಮೆಯ ಗ್ರಾಮ ಚುನಾವಣೆಗಳೂ

ಒಂದೇ ಚುನಾವಣೆಯಲ್ಲಿ ಹಲವರನ್ನು ಆರಿಸುವುದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಗ್ರಾಮಸ್ಥರಿಗೆ ಅಪರಿಚಿತವಾದುದಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದ ಮೇರೆಗೆ ಗ್ರಾಮ ಪಂಚಾಯಿತಿಯ ಒಂದು ಕ್ಷೇತ್ರದಿಂದ ಒಬ್ಬರಿಗಿಂತ ಹೆಚ್ಚು ಸದಸ್ಯರು ಆಯ್ಕೆಯಾಗಬಹುದು. ಸ್ಥಾನಗಳೆಷ್ಟೋ ಅಷ್ಟು ಮತಗಳು ಪ್ರತಿಯೊಬ್ಬ ಮತದಾರನಿಗೂ ಉಂಟು; ಆದರೆ ಒಬ್ಬ ಅಭ್ಯರ್ಥಿಗೆ ಒಂದಕ್ಕಿಂತ ಹೆಚ್ಚು ಮತ ಸಲ್ಲದು. ಪಕ್ಷಗಳ ಚಿಹ್ನೆಗಳಿಗೆ ಅಲ್ಲಿ ಎಡೆಯಿಲ್ಲ. ವ್ಯಕ್ತಿಯನ್ನು ನೋಡಿ ಮತ ಕೊಡುವ ಈ ಕ್ರಮವು ಮೇಲ್ನೋಟಕ್ಕೆ ಯೂರೋಪಿನ ತೆರೆದ ಪಟ್ಟಿಯ ಪದ್ಧತಿಯನ್ನು ಹೋಲುವುದು. ಫಲವನ್ನು ನೋಡಿದರೆ ಎರಡಕ್ಕೂ ಬಹಳ ಅಂತರವಿದೆ.

ತೆರೆದ ಪಟ್ಟಿಯಲ್ಲಿ ಪ್ರತಿಯೊಂದು ಪಕ್ಷವೂ ತನ್ನ ಅಭ್ಯರ್ಥಿಗಳ ಹೆಸರುಗಳನ್ನು ಒಟ್ಟಾಗಿ ಮುಂದಿಡುವುದು. ಫಿನ್ಲೆಂಡಿನಲ್ಲಿ ಮತದಾರನು ಆ ಹೆಸರುಗಳಲ್ಲಿ ಒಬ್ಬನನ್ನು ಮಾತ್ರ ಆರಿಸುತ್ತಾನೆ. ಆ ಒಂದು ಮತವೇ ಎರಡು ಕೆಲಸಗಳನ್ನು ಮಾಡುವುದು: ಮೊದಲು ಪಟ್ಟಿಯ ಮೊತ್ತಕ್ಕೆ ಸೇರಿ ಪಕ್ಷಕ್ಕೆ ದೊರೆಯತಕ್ಕ ಸ್ಥಾನಗಳ ಸಂಖ್ಯೆಯನ್ನು ನಿರ್ಣಯಿಸುವುದು, ಬಳಿಕ ಆ ಸ್ಥಾನಗಳಲ್ಲಿ ಕುಳಿತುಕೊಳ್ಳತಕ್ಕವರು ಯಾರೆಂಬುದನ್ನು ತೀರ್ಮಾನಿಸುವುದು. ತಾನು ಮೆಚ್ಚಿದವನು ಸೋತರೂ ಅವನ ಪಟ್ಟಿಯ ಇನ್ನೊಬ್ಬನು ಆ ಮತದ ಬಲದಿಂದ ಗೆಲ್ಲಬಹುದು. ಇದು ಈ ಪದ್ಧತಿಯ ಗುಣವೂ ಹೌದು, ದೋಷವೂ ಹೌದು.

ಸ್ಥಾನಗಳನ್ನು ಹಂಚಲು ಬೆಲ್ಜಿಯಮ್ಮಿನ ನ್ಯಾಯಶಾಸ್ತ್ರಜ್ಞ ವಿಕ್ಟರ್ ಡಿ'ಹೊಂಟ್ ಕಂಡುಹಿಡಿದ ಕ್ರಮವು ಪ್ರಸಿದ್ಧವಾಗಿದೆ. ಚನ್ನಪಟ್ಟಣ ಸೀಮೆಯಲ್ಲಿ ಮೂರು ಸ್ಥಾನಗಳ ಒಂದು ಗ್ರಾಮಕ್ಷೇತ್ರವನ್ನು ಕಲ್ಪಿಸಿಕೊಂಡು, ಮೀಸಲಾತಿಯ ನಿಯಮವನ್ನು ಬದಿಗಿಟ್ಟು, ಊರಿನ ನೂರು ಮಂದಿಯಲ್ಲಿ 60 ಜನ ಒಂದು ಪಂಗಡ, 40 ಜನ ಇನ್ನೊಂದು ಪಂಗಡವೆಂದು ಭಾವಿಸಬಹುದು. ಈಗಿನ ಕ್ರಮದಲ್ಲಿ ದೊಡ್ಡ ಪಂಗಡದವರು ಒಗ್ಗಟ್ಟಾಗಿ ತಮ್ಮ ಮೂವರಿಗೂ ಮತ ಕೊಟ್ಟರೆ ಮೂವರೂ ತಲಾ 60 ಮತಗಳಿಂದ ಗೆಲ್ಲುವರು. ಉಳಿದವರಿಗೆ ಒಂದು ಸ್ಥಾನವೂ ಇಲ್ಲ. ಡಿ'ಹೊಂಟನ ಕ್ರಮದಲ್ಲಿ ಪ್ರತಿ ಮೊತ್ತವನ್ನೂ 1, 2, 3ರಿಂದ ಭಾಗಿಸಿದರೆ ಒಂದು ಕಡೆ 60, 30, 20, ಇನ್ನೊಂದು ಕಡೆ 40, 20, ಸುಮಾರು 13 ಬರುವುದು. ಅತ್ಯಧಿಕವಾದ ಮೂರು ಲಬ್ಧಗಳು 60, 40, 30. ಆದುದರಿಂದ ಸ್ಥಾನಗಳು ಎರಡು ಮತ್ತು ಒಂದು. ಮತಪತ್ರದ ಮೇಲಣ ಗುರುತುಗಳಿಗಿಂತ ಎಣಿಕೆಯ ವಿಧಾನವೇ ಇಲ್ಲಿ ಪ್ರಧಾನವೆಂಬುದು ಸ್ಪಷ್ಟ.

ಈ ಪ್ರಶ್ನೆಯು ರಾಜ್ಯಾಂಗರಚನಾ ಸಭೆಯಲ್ಲಿ ಚರ್ಚೆಗೆ ಬಂದಿತ್ತು. ಮೈಸೂರಿನ ಪ್ರತಿನಿಧಿಗಳಲ್ಲಿ ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯವರಾದ ಕೆಂಗಲ್ ಹನುಮಂತಯ್ಯನವರೂ ಆ ಸಭೆಯ ಸದಸ್ಯರಾಗಿದ್ದರು. 1949ರ ಜನವರಿಯಲ್ಲಿ ಕಾಜಿ ಸೈಯದ್ ಕರೀಮುದ್ದೀನರು ಬಹುಸದಸ್ಯ ಕ್ಷೇತ್ರಗಳನ್ನೂ ಅನುಪಾತ ಪ್ರಾತಿನಿಧ್ಯವನ್ನೂ ಬೇಡಿ ತಿದ್ದುಪಡಿಯನ್ನು ತಂದರು. ಡಾ. ಅಂಬೇಡ್ಕರರು ಒಪ್ಪಲಿಲ್ಲ, ಮತದಾರರು ಅಂಕೆಗಳನ್ನಾದರೂ ಬರೆಯಬಲ್ಲವರಾಗಿರಬೇಕೆಂದೂ, ಶಾಸನಸಭೆಯು ಸಣ್ಣ ಸಣ್ಣ ಗುಂಪುಗಳಾಗಿ ಒಡೆದರೆ ಸರಕಾರವು ಸ್ಥಿರವಾಗದೆಂದೂ ಅವರ ವಾದ. ಮೊದಲನೆಯ ಆಕ್ಷೇಪವು ಪ್ರಾಶಸ್ತ್ಯದ ಅಂಕೆಗಳನ್ನು ಬರೆಯಬೇಕಾದ ಪದ್ಧತಿಗೆ ಸಲ್ಲುವುದೇ ಹೊರತು, ಒಂದೇ ಗುರುತನ್ನು ಬೇಡುವ ತೆರೆದ ಪಟ್ಟಿಗೆ ಅಷ್ಟಾಗಿ ಸಲ್ಲದು. ಹಲವು ಮುದ್ರೆಗಳನ್ನು ಒತ್ತಿ ಹಲವರನ್ನು ಆರಿಸುತ್ತ ಬಂದ ಹಳ್ಳಿಗನಿಗೆ ಒಂದು ಮುದ್ರೆಯು ಭಾರವಾದೀತೆ? ಎರಡನೆಯ ಆಕ್ಷೇಪವು ಮಾತ್ರ ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ.

ಮೊದಲ ಸಾರ್ವತ್ರಿಕ ಚುನಾವಣೆಗಳ ದ್ವಿಸದಸ್ಯ ಕ್ಷೇತ್ರಗಳನ್ನು 1961ರ ಕಾಯಿದೆಯು ತೆಗೆದುಹಾಕಿತು. ಅಂಕೆ ಬರೆಯುವ ಕ್ರಮವು ವಿಧಾನ ಪರಿಷತ್ತಿನ ಚುನಾವಣೆಗಳಲ್ಲಿ ಉಳಿದುಕೊಂಡಿದೆ. ಈ ತಾಲ್ಲೂಕುಗಳ ಅಧ್ಯಾಪಕ ಮತದಾರರು ಬೆಂಗಳೂರು ಶಿಕ್ಷಕರ ಕ್ಷೇತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಬರೆಯುತ್ತಾರೆ. ಆದರೆ ಅಲ್ಲಿರುವುದು ಒಂದೇ ಸ್ಥಾನ.