ನಾಲ್ಕು ಆಯ್ಕೆ, ಒಂದು ಓದು: ಚೀನಾದ ಶಾಲೆಗಳಲ್ಲಿ ಇಂಗ್ಲಿಷ್ ಗ್ರಹಿಕೆಯ ಪರೀಕ್ಷೆ ನಡೆದು ಬಂದ ದಾರಿ

ಪ್ರತಿ ವರ್ಷ ಜೂನ್ 8ರ ಮಧ್ಯಾಹ್ನ ಮೂರರಿಂದ ಐದು ಗಂಟೆಯವರೆಗೆ ಚೀನಾದ ಹೆಚ್ಚಿನ ಪ್ರಾಂತ್ಯಗಳಲ್ಲಿ ಹನ್ನೆರಡನೇ ತರಗತಿ ಮುಗಿಸಿದ ಮಕ್ಕಳು ವಿದೇಶಿ ಭಾಷೆಯ ಪತ್ರಿಕೆ ಬರೆಯುತ್ತಾರೆ. ವಿಶ್ವವಿದ್ಯಾಲಯ ಪ್ರವೇಶಕ್ಕಾಗಿ ನಡೆಯುವ ಈ ಗಾವ್‌ಕಾವ್ ಪರೀಕ್ಷೆಗೆ 2024ರಲ್ಲಿ ಹೆಸರು ನೋಂದಾಯಿಸಿದವರು 1 ಕೋಟಿ 34 ಲಕ್ಷ. ರಷ್ಯನ್, ಜಪಾನಿ, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳನ್ನು ಆರಿಸಿಕೊಳ್ಳಲು ಅವಕಾಶವಿದ್ದರೂ ಬಹುಪಾಲು ಮಕ್ಕಳದು ಇಂಗ್ಲಿಷ್. ಹೊಸ ಮಾದರಿಯ ಪತ್ರಿಕೆಯಲ್ಲಿ 150 ಅಂಕಗಳ ಪೈಕಿ 50 ಓದುವಿಕೆಗೆ ಮೀಸಲು. ಉಳಿದ ಭಾಗಗಳಲ್ಲೂ ಓದಿ ಅರ್ಥ ಮಾಡಿಕೊಳ್ಳದೆ ಅಂಕ ಸಿಗುವುದು ಕಷ್ಟ. ಓದಿದ್ದು ಅರ್ಥವಾಯಿತೇ ಎಂದು ಇಷ್ಟು ಮಂದಿಯನ್ನು ಒಂದೇ ಮಧ್ಯಾಹ್ನ ಕೇಳುವ ವಿಧಾನ ಹೇಗೆ ರೂಪುಗೊಂಡಿತು, ಅದು ಮಕ್ಕಳ ಓದನ್ನು ಏನು ಮಾಡಿತು ಎಂಬುದೇ ಈ ಲೇಖನದ ವಿಷಯ.

ಪರೀಕ್ಷೆಯಿಂದ ಮನುಷ್ಯರನ್ನು ಆರಿಸುವುದು ಚೀನಾಕ್ಕೆ ಹೊಸದಲ್ಲ. ಸಾಮ್ರಾಜ್ಯದ ಅಧಿಕಾರಿಗಳನ್ನು ಆರಿಸುತ್ತಿದ್ದ ಪರೀಕ್ಷಾ ಪದ್ಧತಿ ಸಾವಿರಕ್ಕೂ ಹೆಚ್ಚು ವರ್ಷ ನಡೆದು 1905ರಲ್ಲಿ ರದ್ದಾಯಿತು. ಅದಕ್ಕೂ ಮೊದಲೇ, 1862ರಲ್ಲಿ, ಬೀಜಿಂಗ್‌ನಲ್ಲಿ ವಿದೇಶಿ ಭಾಷೆ ಕಲಿಸಲು ತೊಂಗ್‌ವೆನ್ ಗ್ವಾನ್ ಎಂಬ ಸರ್ಕಾರಿ ಶಾಲೆ ತೆರೆದಿತ್ತು. ಅಲ್ಲಿ ಬೇಕಾಗಿದ್ದದ್ದು ದುಭಾಷಿಗಳು, ಹಾಗಾಗಿ ಭಾಷಾಂತರಕ್ಕೇ ಹೆಚ್ಚು ಬೆಲೆ. ಒಂದೊಂದು ವಾಕ್ಯವನ್ನೂ ಬಿಡಿಸಿ, ವ್ಯಾಕರಣ ಹೇಳಿ, ಚೀನಿ ಭಾಷೆಗೆ ತಂದರೆ ಪಾಠ ಅರ್ಥವಾದಂತೆ ಎಂಬ ನಂಬಿಕೆ ಮುಂದೆಯೂ ಬಹುಕಾಲ ತರಗತಿಗಳಲ್ಲಿ ಉಳಿಯಿತು. 1952ರಲ್ಲಿ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಶುರುವಾದಾಗ ಶಾಲೆಗಳಲ್ಲಿ ರಷ್ಯನ್ ಭಾಷೆಯದೇ ಮೇಲುಗೈ. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಬಂದು ಪರೀಕ್ಷೆಯೇ ನಿಂತುಹೋಯಿತು.

ಮತ್ತೆ ಗಾವ್‌ಕಾವ್ ನಡೆದದ್ದು 1977ರ ಚಳಿಗಾಲದಲ್ಲಿ. ಹನ್ನೊಂದು ವರ್ಷ ಕಾದಿದ್ದ ಸುಮಾರು 57 ಲಕ್ಷ ಜನ ಬರೆದರು; ಸೀಟು ಸಿಕ್ಕಿದ್ದು 2 ಲಕ್ಷ 70 ಸಾವಿರದಷ್ಟು ಮಂದಿಗೆ. ಆಗ ಇಂಗ್ಲಿಷ್ ಬಲ್ಲ ಮೇಷ್ಟ್ರುಗಳೇ ವಿರಳ. ಅದಕ್ಕೇ ಸರ್ಕಾರ ಅವಸರ ಮಾಡಲಿಲ್ಲ. 1979ರಲ್ಲಿ ಪ್ರಮುಖ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ವಿದೇಶಿ ಭಾಷೆಯ ಅಂಕದ ಶೇ 10ರಷ್ಟನ್ನು ಮಾತ್ರ ಸೇರಿಸಿಕೊಂಡರು. ಮರುವರ್ಷ ಶೇ 30, ಆಮೇಲೆ 50, 70. 1983ರಲ್ಲಿ ಪೂರ್ತಿ ಅಂಕ ಲೆಕ್ಕಕ್ಕೆ ಬಂತು. ಈ ಕ್ರಮ ನನಗೆ ಬಹಳ ಮಾನವೀಯವಾಗಿ ಕಾಣುತ್ತದೆ. ಹಳ್ಳಿಯ ಹುಡುಗನಿಗೆ ಕಲಿಸುವವರು ಸಿಗುವವರೆಗೆ ಕಲಿಯದ ತಪ್ಪನ್ನು ಅವನ ತಲೆಗೆ ಕಟ್ಟದೆ ಇರುವ ಎಚ್ಚರ ಅದರಲ್ಲಿದೆ. ಅದೇ ಹೊತ್ತಿಗೆ ರೇಡಿಯೊದಲ್ಲಿ ಇಂಗ್ಲಿಷ್ ಪಾಠ ಬರುತ್ತಿತ್ತು. 1982ರಲ್ಲಿ ಚೀನಾದ ದೂರದರ್ಶನದಲ್ಲಿ ಬಿಬಿಸಿಯ ‘ಫಾಲೋ ಮಿ’ ಸರಣಿ ಶುರುವಾದಾಗ ಊರೂರೇ ಟಿ.ವಿ. ಮುಂದೆ ಕೂತಿತು.

ಆದರೆ ಪ್ರಶ್ನೆಪತ್ರಿಕೆಗಳು ಹಳೆಯ ಜಾಡಿನಲ್ಲೇ ಇದ್ದವು. ವ್ಯಾಕರಣ ನಿಯಮ, ಪದರೂಪ, ಭಾಷಾಂತರ. ಒಬ್ಬ ಮೌಲ್ಯಮಾಪಕರಂತೆ ಇನ್ನೊಬ್ಬರು ಅಂಕ ಕೊಡುತ್ತಾರೆ, ಈ ವರ್ಷದ ಪತ್ರಿಕೆ ಹೋದ ವರ್ಷದಷ್ಟೇ ಕಷ್ಟ ಎಂದು ಹೇಳಲು ಯಾವ ಆಧಾರವೂ ಇರಲಿಲ್ಲ. ಬದಲಾವಣೆ ಬಂದದ್ದು ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತ್ಯದಿಂದ. ಗುವಾಂಗ್‌ಝೌ ವಿದೇಶಿ ಭಾಷಾ ಸಂಸ್ಥೆಯ ಭಾಷಾವಿಜ್ಞಾನಿ ಗ್ವೇ ಷಿಚುನ್, ಅವರ ಸಹೋದ್ಯೋಗಿ ಲಿ ಷಿಯಾವೊಜು ಮತ್ತು ಸಂಗಡಿಗರು ಸಂಖ್ಯಾಶಾಸ್ತ್ರದ ನೆರವಿನಿಂದ ಹೊಸ ಪ್ರವೇಶ ಇಂಗ್ಲಿಷ್ ಪರೀಕ್ಷೆಯೊಂದನ್ನು ಕಟ್ಟಿದರು. 1985ರಲ್ಲಿ ಅದು ಗುವಾಂಗ್‌ಡಾಂಗ್‌ನಲ್ಲಿ ಪ್ರಯೋಗಕ್ಕೆ ಬಂತು, ದಶಕ ಮುಗಿಯುವ ಹೊತ್ತಿಗೆ ದೇಶಕ್ಕೆಲ್ಲ ಹಬ್ಬಿತು. ಹೆಚ್ಚಿನವು ಬಹುಆಯ್ಕೆ ಪ್ರಶ್ನೆಗಳು. ಉತ್ತರವನ್ನು 2ಬಿ ಪೆನ್ಸಿಲಿನಿಂದ ಹಾಳೆಯ ಮೇಲೆ ಕಪ್ಪು ಮಾಡಿದರೆ ಯಂತ್ರ ಓದುತ್ತದೆ.

ಬಹುಆಯ್ಕೆ ಎಂದ ಕೂಡಲೇ ಯಾಂತ್ರಿಕ ಎಂದು ತಳ್ಳಿಹಾಕುವುದು ಸುಲಭ. ಅದನ್ನು ತಂದವರ ಉದ್ದೇಶ ಬೇರೆಯಿತ್ತು. ಲಿ ಷಿಯಾವೊಜು ಭಾಷೆಯನ್ನು ಬಳಕೆಯ ಮೂಲಕ ಕಲಿಸಬೇಕೆಂದು ಹೋರಾಡಿದವರು, ಅದೇ ತತ್ತ್ವದ ಮೇಲೆ ಪಠ್ಯಪುಸ್ತಕ ಮಾಡಿದವರು. ವ್ಯಾಕರಣದ ಬಾಯಿಪಾಠಕ್ಕೆ ಅಂಕ ಕಡಿಮೆಯಾಗಿ, ಕಂಡರಿಯದ ಗದ್ಯಭಾಗ ಓದಿ ಅರ್ಥ ಮಾಡಿಕೊಂಡವರಿಗೆ ಅಂಕ ಹೆಚ್ಚಾದರೆ ಮೇಷ್ಟ್ರು ತರಗತಿಯಲ್ಲಿ ಓದಿಸಲೇಬೇಕಾಗುತ್ತದೆ ಎಂಬುದು ಅವರ ಲೆಕ್ಕ. 1990ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಈ ಆಸೆ ಕೈಗೂಡಿದ ಸೂಚನೆಗಳೂ ಇವೆ: ಶಿಕ್ಷಕರು ನಿಯಮ ಬಿಟ್ಟು ಅಭ್ಯಾಸದ ಕಡೆ ತಿರುಗುತ್ತಿದ್ದರು, ನಿಗದಿತ ಪಠ್ಯದ ಹೊರಗಿನ ಸಾಮಗ್ರಿ ತರುತ್ತಿದ್ದರು, ಮಕ್ಕಳು ಶಾಲೆ ಮುಗಿದ ಮೇಲೂ ಇಂಗ್ಲಿಷ್ ಪುಸ್ತಕ ಹಿಡಿಯುತ್ತಿದ್ದರು.

ಈ ಪರೀಕ್ಷೆಯ ಓದುವ ಭಾಗ ಹೇಗಿರುತ್ತದೆ ನೋಡೋಣ. ನಾಲ್ಕು ಗದ್ಯಭಾಗ, ಒಂದೊಂದೂ ಸುಮಾರು ಮುನ್ನೂರು ಪದ. ಮೊದಲನೆಯದು ಸಾಮಾನ್ಯವಾಗಿ ವ್ಯವಹಾರದ ಬರಹ: ಪ್ರವಾಸದ ಜಾಹೀರಾತು, ವಸ್ತುಸಂಗ್ರಹಾಲಯದ ವೇಳಾಪಟ್ಟಿ. ಎರಡನೆಯದು ಹೆಚ್ಚಾಗಿ ಯಾರದೋ ಅನುಭವ. ಕೊನೆಯದು ವಿಜ್ಞಾನದ ಬರಹ, ಕಷ್ಟವಾದದ್ದು ಅದೇ. ಇಂಗ್ಲಿಷ್ ಪತ್ರಿಕೆ, ಪುಸ್ತಕಗಳಿಂದ ಆರಿಸಿ, ಸ್ವಲ್ಪ ತಿದ್ದಿ, ಪಠ್ಯಕ್ರಮದ ಪಟ್ಟಿಯಲ್ಲಿ ಇಲ್ಲದ ಪದ ಬಂದರೆ ಪಕ್ಕದಲ್ಲೇ ಚೀನಿ ಅರ್ಥ ಕೊಡುತ್ತಾರೆ. ಪ್ರಶ್ನೆಗಳಿಗೂ ಹೆಸರಿಟ್ಟ ಜಾತಿಗಳಿವೆ: ವಿವರ ಹುಡುಕುವುದು, ಊಹಿಸುವುದು, ಮುಖ್ಯಾಂಶ ಹೇಳುವುದು, ಪದದ ಅರ್ಥವನ್ನು ಸಂದರ್ಭದಿಂದ ಗ್ರಹಿಸುವುದು. ಯಾವ ಪ್ರಶ್ನೆ ಯಾವ ಜಾತಿ ಎಂದು ಹನ್ನೆರಡನೇ ತರಗತಿಯ ಮಕ್ಕಳು ನೋಡಿದೊಡನೆ ಹೇಳುತ್ತಾರೆ.

ತಪ್ಪು ಆಯ್ಕೆಗಳನ್ನು ಕಟ್ಟುವುದೇ ಈ ಕೆಲಸದ ನಿಜವಾದ ಕಸುಬು. ನಾನೇ ಕಟ್ಟಿದ ಉದಾಹರಣೆ ಕೊಡುತ್ತೇನೆ. ಒಂದು ಊರಿನ ಗ್ರಂಥಾಲಯ ಪುಸ್ತಕದ ಜೊತೆ ಸುತ್ತಿಗೆ, ಗರಗಸ, ಹೊಲಿಗೆ ಯಂತ್ರವನ್ನೂ ಎರವಲು ಕೊಡಲು ಶುರು ಮಾಡಿತು, ಅಲ್ಲಿಗೆ ಬಂದ ಅಕ್ಕಪಕ್ಕದವರು ಮೊದಲ ಸಲ ಪರಸ್ಪರ ಮಾತಾಡಿದರು ಎಂದು ಗದ್ಯಭಾಗ ಹೇಳುತ್ತದೆ ಎಂದುಕೊಳ್ಳಿ. ಯೋಜನೆಯಿಂದ ಆದದ್ದೇನು ಎಂಬುದು ಪ್ರಶ್ನೆ. ‘ಜನ ಹೆಚ್ಚು ಪುಸ್ತಕ ಓದತೊಡಗಿದರು’ ಎಂಬ ಆಯ್ಕೆ ಲೋಕಾನುಭವಕ್ಕೆ ಒಪ್ಪುತ್ತದೆ, ಗದ್ಯದಲ್ಲಿ ಇಲ್ಲ. ‘ಹೊಲಿಗೆ ಯಂತ್ರ ಕೊಳ್ಳುವವರು ಹೆಚ್ಚಾದರು’ ಎಂಬುದರಲ್ಲಿ ಗದ್ಯದ ಪದಗಳೇ ಇವೆ, ಅರ್ಥ ತಿರುಗಿದೆ. ‘ಎಲ್ಲ ಊರುಗಳೂ ಇದನ್ನು ಅನುಸರಿಸಿದವು’ ಎಂಬುದು ಹೇಳಿದ್ದಕ್ಕಿಂತ ದೊಡ್ಡದು. ‘ನೆರೆಯವರ ನಂಟು ಬೆಳೆಯಿತು’ ಎಂಬ ಸರಿಯುತ್ತರದಲ್ಲಿ ಗದ್ಯದ ಒಂದು ಪದವೂ ಇಲ್ಲ. ಚೆನ್ನಾಗಿ ಕಟ್ಟಿದರೆ ಇದು ಓದನ್ನು ಅಳೆಯುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ತೊಂದರೆ ಬೇರೆ ಕಡೆ ಇದೆ. ಇಂಥ ಸಾವಿರ ಪ್ರಶ್ನೆ ಬಿಡಿಸಿದ ಹುಡುಗಿ ಗದ್ಯಕ್ಕಿಂತ ಆಯ್ಕೆಗಳನ್ನೇ ಚೆನ್ನಾಗಿ ಓದಲು ಕಲಿಯುತ್ತಾಳೆ. ಪದ ಹಾಗೇ ಬಂದಿದ್ದರೆ ಅನುಮಾನಿಸು, ‘ಎಲ್ಲ’, ‘ಮಾತ್ರ’ ಎಂದಿದ್ದರೆ ಬಿಡು, ಮೊದಲು ಪ್ರಶ್ನೆ ನೋಡಿ ಆಮೇಲೆ ಗದ್ಯಕ್ಕೆ ಹೋಗು — ಇವನ್ನು ಹೇಳಿಕೊಡುವ ಪುಸ್ತಕಗಳಿಂದ ಅಂಗಡಿಗಳು ತುಂಬಿವೆ. ಐದು ವರ್ಷದ ಹಳೆಯ ಪತ್ರಿಕೆ ಮತ್ತು ಮೂರು ವರ್ಷದ ಮಾದರಿ ಪತ್ರಿಕೆಗಳನ್ನು ಒಟ್ಟು ಮಾಡಿದ, ಮಕ್ಕಳು ‘ಐದು-ಮೂರು’ ಎಂದೇ ಕರೆಯುವ ದಪ್ಪ ಪುಸ್ತಕ ಇಲ್ಲದ ಡೆಸ್ಕು ಅಪರೂಪ.

ಸಂಶೋಧಕಿ ಚಿ ಲುಷಿಯಾ ಇದನ್ನು ಹತ್ತಿರದಿಂದ ಅಧ್ಯಯನ ಮಾಡಿದರು. ಪ್ರಶ್ನೆಪತ್ರಿಕೆ ಮಾಡುವವರು, ವಿಷಯ ಪರಿವೀಕ್ಷಕರು, ಶಿಕ್ಷಕರು, ವಿದ್ಯಾರ್ಥಿಗಳು — ಎಲ್ಲರ ಮಾತೂ ಕೇಳಿ, ತರಗತಿಗಳಲ್ಲಿ ಕೂತು ನೋಡಿ, 2005ರಲ್ಲಿ ಅವರು ಪ್ರಕಟಿಸಿದ ತೀರ್ಮಾನ ಲಿ ಷಿಯಾವೊಜು ಅವರ ಭರವಸೆಗೆ ಪೆಟ್ಟು ಕೊಟ್ಟಿತು. ಪರೀಕ್ಷೆ ಬೋಧನೆಯನ್ನು ಬಳಕೆಯ ಕಡೆ ಎಳೆಯಬೇಕಿತ್ತು; ಶಾಲೆಗಳಲ್ಲಿ ಭಾಷೆಯ ನಿಯಮ ಮತ್ತು ಪರೀಕ್ಷೆಯ ತಾಲೀಮೇ ಮುಂದುವರಿದಿತ್ತು. ಕಾರಣವನ್ನೂ ಅವರು ನೇರವಾಗಿ ಹೇಳಿದರು. ಈ ಪರೀಕ್ಷೆಗೆ ಎರಡು ಕೆಲಸ ಹೊರಿಸಲಾಗಿದೆ: ಸೀಟಿಗಾಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು, ಬೋಧನೆಯನ್ನು ಸುಧಾರಿಸುವುದು. ಮೊದಲನೆಯದು ಎರಡನೆಯದನ್ನು ನುಂಗುತ್ತದೆ. ಈ ಕ್ಷೇತ್ರದಲ್ಲಿ ನಾನು ಓದಿದ ಬರಹಗಳಲ್ಲಿ ಇಷ್ಟು ಸ್ಪಷ್ಟವಾಗಿ ಗಾಯದ ಮೇಲೆ ಬೆರಳಿಟ್ಟದ್ದು ಇನ್ನೊಂದಿಲ್ಲ.

ಅಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳ ಸುಧಾರಣೆಯೆಲ್ಲ ತಾಲೀಮಿಗೆ ಸುಲಭವಾಗಿ ಸಿಗದ ಪ್ರಶ್ನೆಯ ಹುಡುಕಾಟವೇ ಆಗಿದೆ. 2004ರ ಹೊತ್ತಿಗಾಗಲೇ ಹಲವು ಪ್ರಾಂತ್ಯಗಳಿಗೆ ಸ್ವಂತ ಪತ್ರಿಕೆ ಮಾಡುವ ಅಧಿಕಾರ ಸಿಕ್ಕಿದ್ದರಿಂದ ಬಗೆಬಗೆಯ ಪ್ರಯೋಗ ನಡೆದವು. ಜಿಯಾಂಗ್ಸು ಪ್ರಾಂತ್ಯ ಗದ್ಯ ಓದಿಸಿ, ಅದರ ಸಾರವನ್ನು ಕೋಷ್ಟಕದಲ್ಲಿ ಕೊಟ್ಟು, ಒಂದೊಂದು ಖಾಲಿ ಜಾಗಕ್ಕೆ ಒಂದೇ ಪದ ಬರೆಯಿರಿ ಎಂದಿತು. ಆಯ್ಕೆ ಇಲ್ಲ, ಊಹೆಗೆ ಎಡೆಯಿಲ್ಲ. ಗದ್ಯದ ಕ್ರಿಯಾಪದವನ್ನು ನಾಮಪದ ಮಾಡಬೇಕಾಗಬಹುದು, ಗದ್ಯದಲ್ಲೇ ಇಲ್ಲದ ಪದ ಹೊಳೆಯಬೇಕಾಗಬಹುದು. ನನಗೆ ಬಹಳ ಮೆಚ್ಚುಗೆಯಾದ ಪ್ರಶ್ನೆ ಇದು. ಪ್ರಾಂತ್ಯಗಳು ರಾಷ್ಟ್ರೀಯ ಪತ್ರಿಕೆಗೆ ಮರಳಿದಾಗ ಇದೂ ಹೋಯಿತು.

ರಾಷ್ಟ್ರೀಯ ಪತ್ರಿಕೆಯಲ್ಲಿ ಉಳಿದದ್ದು ‘ಏಳರಲ್ಲಿ ಐದು’. ಗದ್ಯದಿಂದ ಐದು ವಾಕ್ಯ ತೆಗೆದು, ಕೆಳಗೆ ಏಳು ವಾಕ್ಯ ಕೊಡುತ್ತಾರೆ. ಸರಿಯಾದ ಐದನ್ನು ಅವುಗಳ ಜಾಗಕ್ಕೆ ಸೇರಿಸಬೇಕು. ಒಂದು ವಾಕ್ಯ ಹಿಂದಿನದಕ್ಕೆ ಹೇಗೆ ಅಂಟಿಕೊಂಡಿದೆ ಎಂದು ಕಾಣದವರಿಗೆ ಇದು ದಕ್ಕುವುದಿಲ್ಲ. ಒಂದೇ ಕೊರತೆ: ಒಂದು ವಾಕ್ಯ ತಪ್ಪು ಜಾಗಕ್ಕೆ ಹೋದರೆ ಅದರ ನಿಜವಾದ ಜಾಗವೂ ಕೆಡುತ್ತದೆ, ಒಂದು ತಪ್ಪಿಗೆ ಎರಡು ದಂಡ. 2014ರಿಂದ ಬಿಡಿ ವಾಕ್ಯಗಳ ವ್ಯಾಕರಣ ಪ್ರಶ್ನೆ ರಾಷ್ಟ್ರೀಯ ಪತ್ರಿಕೆಗಳಿಂದ ಹೊರಬಿದ್ದು, ವ್ಯಾಕರಣವನ್ನೂ ಗದ್ಯದ ಒಳಗೇ ಕೇಳತೊಡಗಿದರು.

ಎಲ್ಲಕ್ಕಿಂತ ದಿಟ್ಟ ಹೆಜ್ಜೆ ‘ಓದಿ ಮುಂದುವರಿಸಿ’. ಗುವಾಂಗ್‌ಡಾಂಗ್ ವಿದೇಶಿ ಅಧ್ಯಯನ ವಿಶ್ವವಿದ್ಯಾಲಯದ ವಾಂಗ್ ಚುಮಿಂಗ್ ಅವರ ಚಿಂತನೆಯಿಂದ ಹುಟ್ಟಿದ ಈ ಪ್ರಶ್ನೆ 2016ರ ಅಕ್ಟೋಬರ್‌ನಲ್ಲಿ ಝೆಜಿಯಾಂಗ್ ಪ್ರಾಂತ್ಯದ ಗಾವ್‌ಕಾವ್‌ಗೆ ಬಂತು. ಸುಮಾರು 350 ಪದಗಳ ಅರ್ಧ ಕಥೆ ಕೊಡುತ್ತಾರೆ. ಮುಂದಿನ ಎರಡು ಪ್ಯಾರಾಗಳ ಮೊದಲ ವಾಕ್ಯ ಅವರದೇ. ಉಳಿದ 150 ಪದ ವಿದ್ಯಾರ್ಥಿಯದು, ಅಂಕ 25. ಓದಿದ್ದು ಅರ್ಥವಾಗಿದೆಯೇ ಎಂದು ಬೇರೆ ಕೇಳುವ ಅಗತ್ಯವೇ ಇಲ್ಲ: ಕಥೆಯಲ್ಲಿ ಕಾಲು ಮುರಿದವನನ್ನು ಓಡಿಸಿದರೆ, ಸಿಡುಕಿನ ಅಜ್ಜನನ್ನು ಕಾರಣವಿಲ್ಲದೆ ಮುದ್ದು ಮಾಡಿಸಿದರೆ ಓದು ತಪ್ಪಿದೆ ಎಂದು ತಾನೇ ಗೊತ್ತಾಗುತ್ತದೆ. ಕೊಟ್ಟ ಕಥೆಯೊಂದಿಗೆ ಬರಹ ಎಷ್ಟು ಹೊಂದುತ್ತದೆ ಎಂಬುದೇ ಅಂಕದ ಒಂದು ಮುಖ್ಯ ಅಳತೆ. ಓದುತ್ತಾ ಬರೆಯುವವನು ತನಗಿಂತ ಮೇಲಿನ ಭಾಷೆಯ ಜೊತೆ ಹೆಜ್ಜೆ ಹಾಕುತ್ತಾನೆ, ಆ ಎಳೆತದಲ್ಲೇ ಕಲಿಯುತ್ತಾನೆ ಎಂಬುದು ವಾಂಗ್ ಅವರ ವಾದ. ಇದಕ್ಕೂ ತಾಲೀಮು ಬಂತೆನ್ನಿ. ಬಡಿದುಕೊಳ್ಳುವ ಎದೆ, ಕೆನ್ನೆಗಿಳಿಯುವ ಕಣ್ಣೀರಿನ ಸಿದ್ಧವಾಕ್ಯಗಳನ್ನು ಮಕ್ಕಳು ಉರುಹೊಡೆಯುತ್ತಾರೆ. ಆದರೂ ಕಥೆ ಓದದೆ ಅವನ್ನು ಎಲ್ಲಿ ಸೇರಿಸಬೇಕೆಂದು ತಿಳಿಯುವುದಿಲ್ಲ. ಅಷ್ಟರಮಟ್ಟಿಗೆ ಈ ಪ್ರಶ್ನೆ ಗೆದ್ದಿದೆ.

ಅದೇ ಝೆಜಿಯಾಂಗ್‌ನಲ್ಲಿ 2018ರ ನವೆಂಬರ್‌ನಲ್ಲಿ ಇನ್ನೊಂದು ಪಾಠ ಕಾದಿತ್ತು. ಹೊಸ ಪದ್ಧತಿಯಲ್ಲಿ ಇಂಗ್ಲಿಷ್ ಪರೀಕ್ಷೆಯನ್ನು ಎರಡು ಸಲ ಬರೆದು ಹೆಚ್ಚಿನ ಅಂಕ ಉಳಿಸಿಕೊಳ್ಳಬಹುದು. ಹಾಗಿದ್ದರೆ ಎರಡೂ ಪತ್ರಿಕೆ ಒಂದೇ ಮಟ್ಟದಲ್ಲಿರಬೇಕು. ಆ ಸಲ ಪತ್ರಿಕೆ ಕಷ್ಟವಾಯಿತೆಂದು ಅಧಿಕಾರಿಗಳು ಓದುವಿಕೆ ಮತ್ತು ಬರವಣಿಗೆ ಭಾಗದ ಕೆಲವು ಪ್ರಶ್ನೆಗಳ ಅಂಕವನ್ನು ಹಿಗ್ಗಿಸಿದರು. ಫಲಿತಾಂಶ ಬಂದಾಗ ಮಕ್ಕಳೂ ಪೋಷಕರೂ ಸಿಡಿದೆದ್ದರು: ಬೇರೆ ಭಾಗಗಳಲ್ಲಿ ಚೆನ್ನಾಗಿ ಮಾಡಿದವರಿಗೆ ಈ ಲಾಭ ಇಲ್ಲ, ಹೀಗೆ ಮಾಡುತ್ತೇವೆಂದು ಯಾರೂ ಮೊದಲು ಹೇಳಿರಲಿಲ್ಲ. ತನಿಖೆ ನಡೆದು ಡಿಸೆಂಬರ್ 5ರಂದು ಪ್ರಾಂತ್ಯ ಸರ್ಕಾರ ಆ ನಿರ್ಧಾರ ತಪ್ಪೆಂದು ಒಪ್ಪಿ, ಹಿಗ್ಗಿಸಿದ ಅಂಕ ರದ್ದು ಮಾಡಿ, ಮೂಲ ಅಂಕಗಳನ್ನೇ ಕೊಟ್ಟಿತು. ಹೊಣೆಗಾರರ ಮೇಲೆ ಕ್ರಮವೂ ಆಯಿತು. ಎರಡು ಪತ್ರಿಕೆಗಳನ್ನು ಒಂದೇ ಅಳತೆಗೆ ತರುವ ಗಣಿತ ಗ್ವೇ ಷಿಚುನ್ ಅವರ ಕಾಲದಿಂದಲೂ ಚೀನಾಕ್ಕೆ ಪರಿಚಿತ. ಆದರೆ ಜನರಿಗೆ ತಿಳಿಸದೆ ಮಾಡಿದ ಲೆಕ್ಕ ಎಷ್ಟೇ ಶಾಸ್ತ್ರೀಯವಾಗಿದ್ದರೂ ನಿಲ್ಲದು. ಗಾವ್‌ಕಾವ್ ಮೇಲೆ ಜನಕ್ಕಿರುವ ನಂಬಿಕೆ ಅದರ ನ್ಯಾಯದ ಮೇಲಿನದು.

2018ರಲ್ಲೇ ಒಂಬತ್ತು ಮಟ್ಟಗಳ ‘ಚೀನಾ ಇಂಗ್ಲಿಷ್ ಮಾನದಂಡ’ ಜಾರಿಗೆ ಬಂದು, ಓದುವವನು ಯಾವ ಮಟ್ಟದಲ್ಲಿ ಏನು ಮಾಡಬಲ್ಲ ಎಂದು ವಿವರಿಸಿತು. ಹೊಸ ಪಠ್ಯಕ್ರಮ ಭಾಷೆಯ ಜೊತೆಗೆ ಆಲೋಚನೆಯ ಗುಣಮಟ್ಟವನ್ನೂ ಗುರಿಯಾಗಿ ಬರೆದುಕೊಂಡಿತು.

ಈ ನಡುವೆ ನಾಲ್ಕು ಆಯ್ಕೆಯ ಓದಿನ ಪ್ರಶ್ನೆಗಳಿಗೆ ಯಾರೂ ನಿರೀಕ್ಷಿಸದ ಇನ್ನೊಬ್ಬ ಪರೀಕ್ಷಾರ್ಥಿಯೂ ಸಿಕ್ಕಿದ. 2017ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಚೀನಾದ 12ರಿಂದ 18 ವರ್ಷದ ಮಕ್ಕಳ ಇಂಗ್ಲಿಷ್ ಪರೀಕ್ಷೆಗಳಿಂದ ಸುಮಾರು 28,000 ಗದ್ಯಭಾಗ, ಸುಮಾರು ಒಂದು ಲಕ್ಷ ಪ್ರಶ್ನೆ ಒಟ್ಟು ಮಾಡಿ ‘ರೇಸ್’ ಎಂಬ ಸಂಗ್ರಹ ಹೊರತಂದರು. ಕಂಪ್ಯೂಟರ್ ನಿಜಕ್ಕೂ ಓದುತ್ತದೆಯೇ ಎಂದು ನೋಡಲು. ಆಗಿನ ಉತ್ತಮ ಕಂಪ್ಯೂಟರ್ ಮಾದರಿಗಳಿಗೆ ಬಂದದ್ದು ಶೇ 43ರಷ್ಟು ಸರಿಯುತ್ತರ. ಮನುಷ್ಯರು ಮುಟ್ಟಬಲ್ಲ ಎತ್ತರ ಶೇ 95 ಎಂದು ಅಂದಾಜಿಸಿದ್ದರು. ಚೀನಾದ ಮೇಷ್ಟ್ರುಗಳು ತರಗತಿಯ ಮಕ್ಕಳಿಗಾಗಿ ಕಟ್ಟಿದ ತಪ್ಪು ಆಯ್ಕೆಗಳು ಯಂತ್ರಗಳನ್ನು ಕೆಡವುವಷ್ಟು ಗಟ್ಟಿಯಾಗಿದ್ದವು ಎಂಬುದು ಆ ಕಸುಬಿಗೆ ಸಂದ ಗೌರವ. ಆ ಅಂತರ ಕೆಲವೇ ವರ್ಷಗಳಲ್ಲಿ ಬಹುಮಟ್ಟಿಗೆ ಮುಚ್ಚಿಹೋಯಿತು. ನಾಲ್ಕರಲ್ಲಿ ಒಂದನ್ನು ಆರಿಸುವುದು ಓದಿನ ಸಾಕ್ಷಿ ಎಂದು ಈಗ ಮೊದಲಿನಷ್ಟು ಧೈರ್ಯವಾಗಿ ಹೇಳಲಾಗದು.

ಇಷ್ಟಾದರೂ ಪರೀಕ್ಷೆ ಮುಟ್ಟದ ಓದೊಂದಿದೆ. ಹೊಸ ಇಂಗ್ಲಿಷ್ ಪಠ್ಯಕ್ರಮದ ಪ್ರಕಾರ ಹಿರಿಯ ಪ್ರೌಢಶಾಲೆಯ ಮಕ್ಕಳು ಪಾಠದ ಹೊರಗೆ ವಾರಕ್ಕೆ ಕನಿಷ್ಠ 1,500 ಪದ, ಮುಂದಿನ ಹಂತದಲ್ಲಿ 2,500 ಪದ ಇಂಗ್ಲಿಷ್ ಓದಬೇಕು. ಒಂದು ಸಣ್ಣ ಕಾದಂಬರಿಯನ್ನು ಕೆಲವು ತಿಂಗಳಲ್ಲಿ ಮುಗಿಸುವಷ್ಟು ಓದು ಅದು. ಚೀನಿ ಭಾಷೆಯ ಪಠ್ಯಕ್ರಮ ಇಡೀ ಪುಸ್ತಕದ ಓದನ್ನು ತನ್ನ ಮೊದಲ ಘಟಕವಾಗಿಯೇ ಇರಿಸಿಕೊಂಡಿದೆ. ಇಂಗ್ಲಿಷ್ ಪತ್ರಿಕೆಯಲ್ಲಿ ಮಾತ್ರ ಗದ್ಯ ಇವತ್ತಿಗೂ ಮುನ್ನೂರು ಪದಕ್ಕೇ ನಿಲ್ಲುತ್ತದೆ, ಹೆಚ್ಚೆಂದರೆ ಮುನ್ನೂರೈವತ್ತಕ್ಕೆ.